ಗಿರಣಿ ತಿರುವಿನಾಚೆಯ ಏಷ್ಯಾ

ನಮ್ಮ ಕಾಕಾ ಅರ್ಧ ಏಷ್ಯಾ ಖಂಡ ಸುತ್ತಿ ಬಂದವರು. ಅದರಿಂದ ಏಷ್ಯಾ ಖಂಡಕ್ಕೆ ಏನೂ ತೊಂದರೆಯಾದಂತಿಲ್ಲ. ತೊಂದರೆಯಾದದ್ದೆಲ್ಲ ಜಮಖಂಡಿಯ ನಮ್ಮ ಓಣಿಗೆ!

ಅವರ ಕೆಲಸವೇ ಅಂಥದ್ದು. ಸಕ್ಕರೆ ಕಾರ್ಖಾನೆಗಳಿಗೆ ಯಂತ್ರ ಮಾಡಿಕೊಡುವ ಕಂಪನಿಯೊಂದರಲ್ಲಿ ಇಂಜಿನಿಯರು. ಮುಧೋಳ, ಬೀಳಗಿ ಸೀಮೆಯ ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡು ಆಮೇಲೆ ಜಾವಾ, ಥಾಯ್ಲೆಂಡ್, ವಿಯೆಟ್ನಾಂ ಎಂದು ಹೊರಟರು. ಅಲ್ಲಿ ಯಂತ್ರ ಕೂಡಿಸಿ, ಮೊದಲ ಹಂಗಾಮಿನ ಕಬ್ಬು ನುರಿಸಿ, ಸಕ್ಕರೆ ಕಣ್ಣಿಗೆ ಬಿದ್ದ ಮೇಲೆಯೇ ಊರಿಗೆ ಬರುವುದು. ಪರದೇಶದಿಂದ ಬರುವವರು ಚಾಕಲೇಟು, ಸೆಂಟು, ವಾಚು ತರುತ್ತಾರಲ್ಲವೇ? ನಮ್ಮ ಕಾಕಾ ತರುತ್ತಿದ್ದದ್ದು ಪಾಠ. ದೇಶಕ್ಕೊಂದು ಪಾಠ! ಬ್ಯಾಗು ಕೆಳಗಿಳಿಸಿ, ಕಾಲು ತೊಳೆದು, ಚಹಾ ಕುಡಿದು ಮುಗಿಸುವುದರೊಳಗೆ ಅದು ಮನೆಯಲ್ಲಿ ಜಾರಿಗೆ ಬರಬೇಕು. ಮನುಷ್ಯ ತಿರುಗಬೇಕು, ಕಲಿಯಬೇಕು ಎಂಬುದು ಅವರ ಸಿದ್ಧಾಂತ. ತಿರುಗುವವರು ಅವರು, ಕಲಿಯುವವರು ನಾವು.

ಥಾಯ್ಲೆಂಡಿನಿಂದ ಬಂದ ಪಾಠ, ಯಾರ ಕಡೆಗೂ ಕಾಲು ಚಾಚಿ ಕೂಡಬಾರದು ಎಂಬುದು. ಹೇಳಿ ಕೇಳಿ ನಮ್ಮದು ಪಡಸಾಲೆಯ ಮನೆ. ಊಟವಾದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚದಿದ್ದರೆ ಜೋಳದ ರೊಟ್ಟಿ ಕೆಳಗಿಳಿಯುವುದಾದರೂ ಹೇಗೆ? ಸಾವಳಗಿಯಿಂದ ಬಂದ ಹಿರಿಯ ಬೀಗರೊಬ್ಬರು ಹಾಗೆಯೇ ಕಾಲು ಚಾಚಿದರು. ಹಿರಿಯರಿಗೆ ಹೇಳುವಂತಿಲ್ಲ, ಪಾಠ ಬಿಡುವಂತಿಲ್ಲ. ಕಾಕಾ ಎದ್ದು ಪಕ್ಕಕ್ಕೆ ಸರಿದು ಕೂತರು. ಮಾತಾಡಲು ಅನುಕೂಲವಾಗಲೆಂದು ಬೀಗರು ಅವರತ್ತ ತಿರುಗಿದರು, ಕಾಲೂ ತಿರುಗಿತು. ಕಾಕಾ ಮತ್ತೆ ಎದ್ದರು. ಹೀಗೆ ಇಬ್ಬರೂ ಮಾತಾಡುತ್ತಲೇ ಪಡಸಾಲೆಗೆ ಒಂದು ಪ್ರದಕ್ಷಿಣೆ ಹಾಕಿದ ಮೇಲೆ ಬೀಗರು ಮೆಲ್ಲಗೆ ಅಡುಗೆಮನೆಯ ಬಾಗಿಲಿಗೆ ಹೋಗಿ, ಇವರಿಗೆ ಮೂಲವ್ಯಾಧಿ ಏನಾದರೂ ಇದೆಯೇ, ಒಂದು ಕಡೆ ಕೂಡುತ್ತಿಲ್ಲವಲ್ಲ ಎಂದು ಕಾಕುವನ್ನು ವಿಚಾರಿಸಿದರು.

ಕಾಕು ಎಂದರೆ ಕಾಕಾನ ಹೆಂಡತಿ, ರಬಕವಿಯ ಮಗ್ಗದ ಮನೆಯ ಮಗಳು. ಹಗಲೆಲ್ಲ ಮಗ್ಗದ ಸದ್ದು ಕೇಳಿ ಬೆಳೆದವರು. ಹಾಗಾಗಿ ಎಷ್ಟೇ ಗದ್ದಲವಿರಲಿ, ಕಿವಿಗೆ ಹಾಕಿಕೊಳ್ಳದೆ ತಮ್ಮ ಕೆಲಸ ತಾವು ಮಾಡುವುದು ಅವರಿಗೆ ರೂಢಿ. ಕಾಕಾನ ಜೊತೆ ಸಂಸಾರ ಮಾಡಲು ಇದಕ್ಕಿಂತ ಒಳ್ಳೆಯ ತರಬೇತಿ ಬೇರೆಲ್ಲಿ ಸಿಗಬೇಕು?

ಆದರೆ ಜಾವಾದ ಪಾಠ ಬಂದಾಗ ಕಾಕು ಕೂಡ ಒಮ್ಮೆ ಬಾಯಿ ತೆರೆಯಬೇಕಾಯಿತು. ಜಾವಾದ ಜನ ಯಾರಿಗೂ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವುದಿಲ್ಲವಂತೆ. ಮದುವೆಯಾಗಿದೆಯೇ ಎಂದು ತಲೆ ನರೆತ ಬ್ರಹ್ಮಚಾರಿಯನ್ನು ಕೇಳಿದರೂ ಆತ ‘ಇನ್ನೂ ಇಲ್ಲ’ ಎನ್ನುತ್ತಾನಂತೆ. ಕಾಕಾನಿಗೆ ಇದು ಎಷ್ಟು ಹಿಡಿಸಿತೆಂದರೆ ನಮ್ಮನ್ನೆಲ್ಲ ಕೂಡಿಸಿಕೊಂಡು ಪಾಠ ಹೇಳಿದರು.

"ಇಲ್ಲ ಅಂದ್ರ ಬಾಗಲಾ ಕೀಲಿ ಹಾಕಿಧಂಗ. ಇನ್ನೂ ಇಲ್ಲ ಅಂದ್ರ ಕೀಲಿ ಹಾಕದ ಬರೇ ಮುಂದ ಮಾಡಿಧಂಗ. ಬರವ್ರು ಬರಬಹುದು."

ಅಂದಿನಿಂದ ನಮ್ಮ ಮನೆಯಲ್ಲಿ ‘ಇಲ್ಲ’ ಎಂಬ ಶಬ್ದ ಬಂದ್. ಶುಗರ್ ಇದೆಯೇ ಎಂದು ಡಾಕ್ಟರು ಕೇಳಿದರೆ ಕಾಕಾ ಇನ್ನೂ ಇಲ್ಲ ಎಂದರು. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ. ಇದನ್ನು ಗಮನಿಸಿದ ಅವರ ಶಾಲೆಯ ಗೆಳೆಯರೊಬ್ಬರು ಒಂದು ದಿನ ಪಡಸಾಲೆಯಲ್ಲಿ ಕೂತು, ಅಡುಗೆಮನೆಗೆ ಕೇಳುವಷ್ಟು ದನಿ ಎತ್ತರಿಸಿ, ಎರಡನೇ ಲಗ್ನದ ವಿಚಾರವೇನಾದರೂ ಇದೆಯೇ ಎಂದು ಕೇಳಿದರು. ಪಾಠಕ್ಕೆ ಬದ್ಧರಾದ ಕಾಕಾ ಗಂಭೀರವಾಗಿ ‘ಇನ್ನೂ ಇಲ್ಲ’ ಎಂದುಬಿಟ್ಟರು! ಒಳಗೆ ರೊಟ್ಟಿ ಬಡಿಯುವ ಸದ್ದು ಗಕ್ಕನೆ ನಿಂತಿತು. ಹಿಟ್ಟಿನ ಕೈಯಲ್ಲೇ ಕಾಕು ಬಾಗಿಲಿಗೆ ಬಂದರು.

"ಆಗೂದಿದ್ರ ಜಲ್ದಿ ಹೇಳ್ರಿ. ಸೀರಿ ನಾನ ರಬಕವಿಯಿಂದ ತರಸ್ತೇನಿ."

ಇಷ್ಟೆಲ್ಲ ಹೊರಗಿನ ಪಾಠ ಹೊತ್ತು ತಂದ ಕಾಕಾ ಊರಿನ ಪದ್ಧತಿಯೊಂದನ್ನು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಪ್ರಯಾಣಕ್ಕೆ ಹೊರಟವರು ತಿರುಗಿ ನೋಡಬಾರದು. ಮನೆಯವರು ಹಿಂದಿನಿಂದ ಕರೆಯಬಾರದು. ಇದು ಅವರ ಅವ್ವ ಕಲಿಸಿದ್ದು. ನಮ್ಮ ಓಣಿ ಇಕ್ಕಟ್ಟು. ಕಾರು ಬಂದರೂ ಹಿಟ್ಟಿನ ಗಿರಣಿಯ ತಿರುವಿನಲ್ಲೇ ನಿಲ್ಲಬೇಕು, ಅಲ್ಲಿಯತನಕ ನಡೆದೇ ಹೋಗಬೇಕು. ಕಾಕುವಿನ ಕೈಯಿಂದ ಮೊಸರು ಸಕ್ಕರೆ ಹಾಕಿಸಿಕೊಂಡು ಕಾಕಾ ಹೊಸ್ತಿಲು ದಾಟಿದರೆಂದರೆ ಮುಗಿಯಿತು, ಹಿಂದೆ ಮನೆಗೆ ಬೆಂಕಿ ಬಿದ್ದರೂ ಕುತ್ತಿಗೆ ಹೊರಳುತ್ತಿರಲಿಲ್ಲ.

ಒಮ್ಮೆ ಹೀಗೆ ಥಾಯ್ಲೆಂಡಿಗೆ ಹೊರಟವರು ಪಾಸ್‌ಪೋರ್ಟನ್ನು ದೇವರ ಮುಂದೆ ಇಟ್ಟು, ಕೈ ಮುಗಿದು, ಅಲ್ಲೇ ಬಿಟ್ಟು ನಡೆದರು. ಕಾಕು ನೋಡುವಷ್ಟರಲ್ಲಿ ಅವರು ಅರ್ಧ ಓಣಿ ದಾಟಿದ್ದರು. ಕೂಗಿದರೆ ಅಪಶಕುನ. ಕೂಗದಿದ್ದರೆ ವಿಮಾನ ಹತ್ತುವಂತಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕಾಕು ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಸಂದಿಯಲ್ಲಿ ಓಡಿ, ಗಿರಣಿಯ ಆಚೆಯಿಂದ ಕಾಕಾನ ಎದುರಿಗೇ ನಡೆದು ಬಂದರು. ಒಂದು ಕೈಯಲ್ಲಿ ಪಾಸ್‌ಪೋರ್ಟು, ಇನ್ನೊಂದು ಕೈಯಲ್ಲಿ ತುಂಬಿದ ತಂಬಿಗೆ! ಹೇಗೂ ಎದುರಿಗೆ ಬರುತ್ತಿದ್ದೇನೆ, ಶಕುನವೂ ಒಳ್ಳೆಯದಾಗಲಿ ಎಂದು ಓಡುವ ಗಡಿಬಿಡಿಯಲ್ಲೂ ನೀರು ತುಂಬಿಕೊಂಡಿದ್ದರು. ಕಾಕಾ ಪಾಸ್‌ಪೋರ್ಟಿನ ವಿಷಯ ಮರೆತು ಶಕುನಕ್ಕೇ ಖುಷಿಪಟ್ಟರು. ಆ ಸಲದ ಕೆಲಸ ಸುಸೂತ್ರವಾಗಿ ಮುಗಿದದ್ದು ತಂಬಿಗೆಯಿಂದಲೇ ಎಂದು ಇಂದಿಗೂ ನಂಬಿದ್ದಾರೆ.

ಅವರು ನೋಡದೇ ಇದ್ದದ್ದು ಒಂದಿತ್ತು. ನಾನು ಅದೇ ಮನೆಯಲ್ಲಿ ಬೆಳೆದವನು, ಪ್ರತಿ ಸಲ ನೋಡಿದ್ದೇನೆ. ಕಾಕಾ ಹೊರಟ ಮೇಲೆ ಕಾಕು ಕಟ್ಟೆಯ ಮೇಲೆ ಕಂಬ ಹಿಡಿದು ನಿಲ್ಲುತ್ತಿದ್ದರು. ಕಾಕಾ ತಿರುವಿನಲ್ಲಿ ಮರೆಯಾದ ಮೇಲೂ ನಿಲ್ಲುತ್ತಿದ್ದರು, ಕಾರು ಚಾಲೂ ಆಗಿ ಅದರ ಸದ್ದೂ ಅಡಗುವತನಕ. ಆಮೇಲೆ ಒಳಗೆ ಬಂದು, ಮೊಸರಿನ ಬಟ್ಟಲು ತೊಳೆದಿಡುತ್ತಿದ್ದರು. ತಿರುಗಿ ನೋಡದೆ ಹೋದವರಿಗೆ ಇದು ಗೊತ್ತಾಗುವುದಾದರೂ ಹೇಗೆ?

ವಿಯೆಟ್ನಾಂ ಕಾಕಾನ ಕೊನೆಯ ದೇಶ. ಅಲ್ಲಿ ಜನ ರಸ್ತೆಯ ಬದಿಗೆ ಚೋಟುದ್ದದ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತು ಕಾಫಿ ಕುಡಿಯುತ್ತಾರಂತೆ. ಸಾಹೇಬನೂ ಅದರ ಮೇಲೆಯೇ, ಹಮಾಲಿಯೂ ಅದರ ಮೇಲೆಯೇ. ಎಲ್ಲರೂ ಒಂದೇ ಎತ್ತರಕ್ಕೆ ಕೂತರೆ ದೊಡ್ಡವರು ಸಣ್ಣವರು ಎಂಬುದು ಇರುವುದಿಲ್ಲ ಎಂಬುದು ಪಾಠ. ನಿವೃತ್ತರಾಗಿ ಬಂದ ಕಾಕಾ ಪೇಟೆಯಿಂದ ಅಂಥವೇ ಸ್ಟೂಲು ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಪಾಠ ಒಳ್ಳೆಯದೇ. ಆದರೆ ಆ ಸ್ಟೂಲನ್ನು ಮಾಡಿದವನು ನಮ್ಮ ಕಾಕಾನ ಗಾತ್ರವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದು ಬೆಳಿಗ್ಗೆ ಸ್ಟೂಲಿನ ಕಾಲು ಮುರಿಯಿತು. ಕಟ್ಟೆಯಿಂದ ಕೆಳಗೆ ಬಿದ್ದ ಕಾಕಾನ ಕಾಲೂ ಮುರಿಯಿತು. ತೊಡೆಯವರೆಗೆ ಪ್ಲಾಸ್ಟರು ಬಂತು.

ಇದಕ್ಕೂ ನಗಬಹುದಿತ್ತು. ಆದರೆ ಆಗಲೇ ಕಾಕುವಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ತಡಮಾಡುವಂತಿಲ್ಲ ಎಂದು ಬೆಳಗಾವಿಯ ಡಾಕ್ಟರು ದಿನ ಗೊತ್ತುಮಾಡಿದ್ದರು. ಗಂಡನ ಕಾಲು ಕೂಡುವತನಕ ಮುಂದೂಡಿ ಎಂದು ಕಾಕು ಕೇಳಿಕೊಂಡರು. ಡಾಕ್ಟರು ಒಪ್ಪಲಿಲ್ಲ. ಕಾಕಾ ತಾನೂ ಬರುತ್ತೇನೆಂದು ಹಟ ಹಿಡಿದರು. ಅದಕ್ಕೂ ಯಾರೂ ಒಪ್ಪಲಿಲ್ಲ. ಬೆಳಗಾವಿಯಲ್ಲಿ ಅವರ ಮಗಳಿದ್ದಳು; ಅಲ್ಲಿಯತನಕ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು.

ಅಂದು ಬೆಳಿಗ್ಗೆ ಕಾಕಾ ಕಟ್ಟೆಯ ಮೇಲೆ ಕುರ್ಚಿಯಲ್ಲಿ ಕೂತು, ಕಾಕುವಿನ ಅಂಗೈಗೆ ತಾವೇ ಮೊಸರು ಸಕ್ಕರೆ ಹಾಕಿದರು. ಆ ಮನೆಯಲ್ಲಿ ಅವರು ಅದನ್ನು ಹಾಕಿದ್ದು ಅದೇ ಮೊದಲು. ಅರ್ಧ ಮೊಸರು ಕಟ್ಟೆಯ ಮೇಲೆ ಚೆಲ್ಲಿತು. ಏಷ್ಯಾದ ಯಾವ ದೇಶದಲ್ಲೂ ಅವರಿಗೆ ಬೀಳ್ಕೊಡುವ ಪಾಠ ಆಗಿರಲಿಲ್ಲ.

ನಾನು ಕಾಕುವಿನ ತೋಳು ಹಿಡಿದು ನಡೆಸಿದೆ. ಓಣಿ ಅಷ್ಟು ಉದ್ದವಿದೆಯೆಂದು ನನಗೆ ಗೊತ್ತಾದದ್ದೇ ಅಂದು. ಗಿರಣಿಯ ತಿರುವಿಗೆ ಬಂದಾಗ ಕಾಕು ನಿಂತರು. ದಣಿವಾಯಿತೆಂದು ತಿಳಿದೆ. ಅವರು ಪೂರ್ತಿ ಹಿಂದಕ್ಕೆ ತಿರುಗಿ ಮನೆಯತ್ತ ಮುಖ ಮಾಡಿದರು. ತಿರುಗಿ ನೋಡಬಾರದು, ನಡೆಯಿರಿ ಎಂದೆ.

"ನಿಂತು ನೋಡವ್ರ ಪಾಡು ನನಗ ಗೊತ್ತೈತಿ," ಎಂದರು ಕಾಕು. "ಒಂದೀಟ ನನ್ನ ಮಾರಿ ನೋಡ್ಲಿ ತಡಿ."

ಅತ್ತ ಕಾಕಾ ಕುರ್ಚಿಯಿಂದ ಎದ್ದಿದ್ದರು. ಕಾಕು ಹಿಡಿಯುತ್ತಿದ್ದ ಅದೇ ಕಂಬ ಹಿಡಿದು ಒಂಟಿ ಕಾಲಿನ ಮೇಲೆ ನಿಂತಿದ್ದರು. ಇಬ್ಬರೂ ಕೈ ಎತ್ತಲಿಲ್ಲ. ಬರೀ ನೋಡಿದರು.

ಆಪರೇಷನ್ ಆದ ಮೇಲೆ ಕಾಕು ಕಣ್ಣು ತೆರೆಯಲಿಲ್ಲ.

ದುಃಖಕ್ಕೆ ಬಂದ ಓಣಿಯ ಹಿರಿಯಳೊಬ್ಬಳು, ಹೊರಟವಳು ತಿರುಗಿ ನೋಡಿದ್ದಕ್ಕೇ ಹೀಗಾಯಿತು ಎಂದು ಕಾಕಾನ ಕಿವಿಗೆ ಬೀಳುವಂತೆಯೇ ಆಡಿದಳು. ನನಗೆ ಸಿಟ್ಟು ನೆತ್ತಿಗೇರಿತು. ಕಾಕಾ ಸಿಟ್ಟಾಗಲಿಲ್ಲ.

"ತಿರುಗಿ ನೋಡಿದ್ದಕ್ಕ ನನಗ ಆಕಿ ಮಾರಿ ಸಿಕ್ತು ಯವ್ವಾ. ನಾ ಹೋಗುಮುಂದ ಒಮ್ಮೆರೆ ಆಕಿಗೆ ಅಷ್ಟೂ ಕೊಡಲಿಲ್ಲ."

ಈಗ ಕಾಕಾನ ಕಾಲು ಕೂಡಿದೆ. ಪಾಠಗಳು ನಿಂತಿವೆ. ಪಡಸಾಲೆಯಲ್ಲಿ ಯಾರು ಯಾವ ಕಡೆ ಕಾಲು ಚಾಚಿದರೂ ಕೇಳುವವರಿಲ್ಲ. ನಾವೇ ಬೇಕೆಂದು ಅವರೆದುರು ಚಾಚಿ ನೋಡಿದ್ದೂ ಆಯಿತು.

ಮೊನ್ನೆ ನಾನು ಹೋದಾಗ ಅವರು ಕಟ್ಟೆಯ ಮೇಲೆ ಕೂತಿದ್ದರು. ಬನಹಟ್ಟಿಯಿಂದ ಬೈಕಿನ ಮೇಲೆ ಸೀರೆಯ ಗಂಟು ಕಟ್ಟಿಕೊಂಡು ಬರುವ ವ್ಯಾಪಾರಿ ಬಹಳ ದಿನದ ಮೇಲೆ ಬಂದಿದ್ದ. ಕಾಕು ಬೆಳಗಾವಿಗೆ ಹೋಗಿದ್ದಷ್ಟೇ ಅವನಿಗೆ ಗೊತ್ತು. ಗಂಟು ಬಿಚ್ಚುತ್ತಲೇ ಕೇಳಿದ.

"ಅಕ್ಕಾರು ಊರಿಂದ ಬಂದ್ರೇನ್ರಿ?"

ನಾನು ಹೇಳಲೆಂದು ಬಾಯಿ ತೆರೆದೆ. ಕಾಕಾ ಕೈಸನ್ನೆಯಲ್ಲೇ ನನ್ನನ್ನು ತಡೆದರು. ಗಿರಣಿಯ ತಿರುವಿನ ಕಡೆ ಸ್ವಲ್ಪ ಹೊತ್ತು ನೋಡಿ ಹೇಳಿದರು.

"ಇನ್ನೂ ಇಲ್ಲ."