ಹೇಳದೆ ಬಿಟ್ಟ ‘ಬರ್ತೀನಿ’

ದುಃಖದಲ್ಲಿರುವವರನ್ನು ಕಂಡರೆ ಸುಮ್ಮನಿರಲಾಗದ ಕಾಯಿಲೆಯೊಂದು ನನಗಿದೆ. ಸಕ್ಕರೆ ಕಾಯಿಲೆ ಆಮೇಲೆ ಬಂದದ್ದು. ಬಂಧುಬಳಗದಲ್ಲಿ ಯಾರೇ ತೀರಿಕೊಳ್ಳಲಿ, ನಾನು ಹೋಗಿ ನಾಲ್ಕು ಮಾತಾಡದ ಹೊರತು ಆ ಸಾವು ಪೂರ್ಣಗೊಳ್ಳುವುದಿಲ್ಲವೆಂದೇ ನನ್ನ ನಂಬಿಕೆ. “ನೀವು ಹೋದ್ಮೇಲೇ ಅವರು ಸರಿಯಾಗಿ ಅಳೋಕೆ ಶುರು ಮಾಡೋದು” ಎನ್ನುತ್ತಾಳೆ ನನ್ನ ಹೆಂಡತಿ. ಬಹಳ ವರ್ಷ ಇದನ್ನು ಹೊಗಳಿಕೆಯೆಂದೇ ತಿಳಿದಿದ್ದೆ. ಈ ವಿದ್ಯೆಯಲ್ಲಿ ಮಾತಿಗಿಂತ ಎದ್ದು ಬರುವ ಕ್ರಮ ಮುಖ್ಯ. ಸಾವಿನ ಮನೆಯಿಂದ ಹೊರಡುವಾಗ ‘ಬರ್ತೀನಿ’ ಎನ್ನಬಾರದು. ಅಂಥ ಸಂದರ್ಭಕ್ಕೆ ಮತ್ತೆ ಬರುವಂತಾಗಬಾರದಲ್ಲ. ತಲೆ ತಗ್ಗಿಸಿ, ಮಾತಿಲ್ಲದೆ ನಡೆದುಬಿಡಬೇಕು. ಹೊಸಬರು ಹೊಸ್ತಿಲಲ್ಲಿ ಬಾಯ್ತಪ್ಪಿ ಅಂದು ನಾಲಿಗೆ ಕಚ್ಚಿಕೊಳ್ಳುತ್ತಾರೆ. ನಲವತ್ತು ವರ್ಷದ ಸೇವೆಯಲ್ಲಿ ನಾನು ಒಮ್ಮೆಯೂ ಎಡವಿದವನಲ್ಲ.

ಮೊನ್ನೆ ರಾಮಕೃಷ್ಣನಗರದ ನಮ್ಮ ಮನೆಯ ಹತ್ತಿರದ ನರ್ಸಿಂಗ್ ಹೋಮಿಗೆ ರಕ್ತಪರೀಕ್ಷೆಗೆ ಹೋಗಿದ್ದೆ. ಖಾಲಿ ಹೊಟ್ಟೆಯಲ್ಲೊಮ್ಮೆ ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆ ಬಿಟ್ಟು ಮತ್ತೊಮ್ಮೆ ಕೊಡಬೇಕು. ಆ ಎರಡು ಗಂಟೆಯ ಬಿಡುವೇ ಮನುಷ್ಯನನ್ನು ಕೆಡಿಸುವುದು. ಪಕ್ಕದಲ್ಲಿ ಐವತ್ತರ ಆಸುಪಾಸಿನವರೊಬ್ಬರು ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮಾತಾಡಿಸಿದೆ. ಹೆಸರು ಪುಟ್ಟಸ್ವಾಮಿ, ಹಿನಕಲ್ಲಿನವರು. “ನಮ್ಮನೆಯವ್ಳು ಸಾ...” ಎಂದು ಒಳಬಾಗಿಲಿನತ್ತ ಕೈ ತೋರಿಸಿದರು. ಮುಂದಿನ ಮಾತು ಟವೆಲಿನೊಳಗೇ ಹೋಯಿತು. ನನಗಷ್ಟು ಸಾಕಾಯಿತು.

“ಧೈರ್ಯ ತಗೊಳ್ಳಿ. ಇಷ್ಟು ದಿನ ಚೆನ್ನಾಗಿ ನೋಡ್ಕೊಂಡಿದ್ದೀರಿ. ಇನ್ನು ಆ ಜೀವಕ್ಕೆ ನೋವಿಲ್ಲ” ಎಂದೆ.

“ಊ ಸಾ, ಆರು ತಿಂಗ್ಳಿಂದ ಭಾಳ ನೋವು ತಿಂದ್ಬುಟ್ಲು” ಎಂದು ಅವರೂ ತಲೆಯಾಡಿಸಿದರು. ಮುಖ ಸ್ವಲ್ಪ ತಿಳಿಯಾಯಿತು. ಅಷ್ಟರಲ್ಲಿ ಎರಡನೆಯ ರಕ್ತಕ್ಕೆ ನನ್ನನ್ನು ಕರೆದರು. ನಾನು ಶಾಸ್ತ್ರೋಕ್ತವಾಗಿ ತಲೆ ತಗ್ಗಿಸಿ, ಮೌನವಾಗಿ ಎದ್ದೆ.

“ಯಾಕ್ ಸಾ, ಬತ್ತೀನಿ ಅನ್ನದೇ ಹೋಯ್ತಿದ್ದೀರಿ?”

ಅಂಥ ಪ್ರಶ್ನೆಗೆ ಉತ್ತರ ಕೊಡುವ ಪದ್ಧತಿಯಿಲ್ಲ. ನಿಟ್ಟುಸಿರೊಂದನ್ನು ಬಿಟ್ಟು ನಡೆದೆ.

ತೋಳಿಗೆ ಹತ್ತಿ ಒತ್ತಿಕೊಂಡು ವಾಪಸು ಬರುವಷ್ಟರಲ್ಲಿ ಪುಟ್ಟಸ್ವಾಮಿಯವರು ಆಪರೇಷನ್ ಥಿಯೇಟರಿನ ಬಾಗಿಲು ಬಡಿಯುತ್ತಿದ್ದರು. “ನನ್ ಎಂಡ್ರುಗೆ ಏನಾಯ್ತು, ನಿಜ ಯೋಳಿ ಸಿಸ್ಟರ್!”

“ಏನೂ ಆಗಿಲ್ಲ ಕಣ್ರೀ, ಪಿತ್ತಕೋಶದ ಕಲ್ಲು ತೆಗೀತಾ ಇದ್ದಾರೆ. ಯಾರ್ರೀ ನಿಮಗೆ ಏನೇನೋ ಹೇಳಿದ್ದು?”

ಪುಟ್ಟಸ್ವಾಮಿ ನನ್ನತ್ತ ಬೆರಳು ತೋರಿಸಿದರು. “ಅವ್ರು ಏನೂ ಯೋಳ್ನಿಲ್ಲ ಸಿಸ್ಟರ್. ಯೋಳ್ದೇ ಹೋದ್ರಲ್ಲ, ಅದ್ಕೇ!”

ಸಿಸ್ಟರ್ ನನ್ನನ್ನು ನೋಡಿದ ನೋಟವನ್ನು ವಿವರಿಸುವುದಿಲ್ಲ. ಪುಟ್ಟಸ್ವಾಮಿಯವರ ಕ್ಷಮೆ ಕೇಳಿ, ಅವರ ಹೆಂಡತಿಯನ್ನು ಕ್ಷೇಮವಾಗಿ ಹೊರತರುವವರೆಗೂ ನಾಲಿಗೆಯನ್ನು ಹಿಡಿತದಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತೆ. ಮಂಪರಿನಲ್ಲಿದ್ದ ಹೆಂಡತಿಯನ್ನು ವಾರ್ಡಿಗೆ ಸಾಗಿಸಿದ ಮೇಲೆ ಪುಟ್ಟಸ್ವಾಮಿ ಮೊದಲ ಸಲ ನಕ್ಕರು. “ನೀವಿನ್ನು ಹೊಂಡಿ ಸಾ, ಮನೇಲಿ ಕಾಯ್ತಿರ್ತಾರೆ. ಈ ಸಲ ಮಾತ್ರ ಬತ್ತೀನಿ ಅಂತ ಯೋಳ್ಬುಟ್ಟು ಹೋಗಿ” ಎಂದರು. “ಬರ್ತೀನಿ” ಎಂದೆ. ಇರಲಿ ಎಂದು ಇನ್ನೊಮ್ಮೆಯೂ ಎಂದೆ.

ಹೊರಡುವಷ್ಟರಲ್ಲಿ ನನ್ನ ವರದಿ ಬಂತು. ಕಳೆದ ಸಲಕ್ಕಿಂತ ಸಕ್ಕರೆ ಎಷ್ಟೋ ಏರಿತ್ತು. ನನ್ನ ಮುಖ ಇಳಿದದ್ದು ಕಂಡಿರಬೇಕು. ಪುಟ್ಟಸ್ವಾಮಿ ಬೆಂಚಿನಲ್ಲಿ ಆಚೆ ಸರಿದರು. “ಕೂತ್ಕಳಿ ಸಾ” ಎಂದರು, ಅಷ್ಟೇ. ಕೂತೆ. ಹಿತವಾಯಿತು. ಆದರೆ ಅಷ್ಟರಲ್ಲೇ ಸಿಸ್ಟರ್ ಬಂದು “ಎಚ್ಚರ ಆಗಿದೆ, ನಿಮ್ಮನ್ನೇ ಕೇಳ್ತಿದ್ದಾರೆ” ಎಂದದ್ದೇ ತಡ, ಅವರು ಟವೆಲನ್ನು ಹೆಗಲಿಗೆಸೆದು, ಒಂದು ಮಾತೂ ಆಡದೆ ಒಳಗೆ ಓಡಿಬಿಟ್ಟರು.

ಸಂತೋಷದಲ್ಲಿ ಹೇಳಿಹೋಗಲು ಮರೆತರು, ಅಷ್ಟೇ. ಇದು ನನಗೆ ಗೊತ್ತಿತ್ತು. ಆದರೂ ಕೈಯಲ್ಲಿ ಆ ವರದಿಯಿತ್ತು, ಕಾಲು ಏಳಲಿಲ್ಲ. ಅರ್ಧ ಗಂಟೆಯ ಮೇಲೆ ಅವರು ಹೊರಬಂದು, “ಇನ್ನೂ ಹೋಗ್ನಿಲ್ವಾ ಸಾ?” ಎಂದರು.

“ಏನಿಲ್ಲ, ನೀವೊಂದ್ಸಲ ಬರ್ತೀನಿ ಅಂದ್ಬಿಡಿ. ಹೊರಡ್ತೀನಿ” ಎಂದೆ.