ಭದ್ರಾವತಿಯಲ್ಲಿ ಏಳು ದಿನದ ಅಮೆರಿಕ

ಭಾನುವಾರ ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಶಿವಯೋಗಿಯವರು ಸವಳಂಗ ರಸ್ತೆಯ ತಮ್ಮ ಮನೆಯ ಹಾಲ್‌ನಲ್ಲಿ ಮಗಳ ಸೂಟ್‌ಕೇಸನ್ನು ತೂಗುತ್ತಿದ್ದರು. ಇಪ್ಪತ್ತೆರಡು ಕೆಜಿ ಎಂಟುನೂರು ಗ್ರಾಂ. ವಿಮಾನದವರು ಬಿಡುವುದು ಇಪ್ಪತ್ತಮೂರು. ಉಳಿದ ಇನ್ನೂರು ಗ್ರಾಂ ಜಾಗದಲ್ಲಿ ಶೇಂಗಾ ಚಟ್ನಿಪುಡಿ ಇಡಬಹುದಲ್ಲ ಎಂದು ಹೆಂಡತಿ ಜಗದಾಂಬಾ ಕೇಳಿದ್ದಕ್ಕೆ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಅದು ಸುರಕ್ಷತೆಗೆ ಬಿಟ್ಟ ಅಂತರ. ಖಾಲಿ ಇರ್ಲಿ" ಎಂದರು.

ಆ ಸೂಟ್‌ಕೇಸ್ ಅವತ್ತು ಹೊರಟದ್ದು ಅಮೆರಿಕಕ್ಕಲ್ಲ, ಭದ್ರಾವತಿಗೆ.

ಮಗಳು ತನುಜಾ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಳು. ಅವಳ ಕಾಲೇಜಿಗೂ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೂ ಒಪ್ಪಂದವಿತ್ತು. ವರ್ಷಕ್ಕೊಬ್ಬ ವಿದ್ಯಾರ್ಥಿ ಅಲ್ಲಿಗೆ ಹೋಗಿ ಒಂದು ಸೆಮಿಸ್ಟರ್, ಅಂದರೆ ಹದಿನಾರು ವಾರ, ಓದಿ ಬರಬಹುದು. ಈ ವರ್ಷದ ಆ ಒಬ್ಬಳು ತನುಜಾ. ಯಾವ ವಿಷಯ ಓದುವುದು, ಯಾವ ಕೋಣೆಯಲ್ಲಿ ಇರುವುದು, ಎಲ್ಲ ತೀರ್ಮಾನವಾಗಿತ್ತು. ಉಳಿದದ್ದು ಪೋಷಕರ ಒಪ್ಪಿಗೆ ಪತ್ರದ ಮೇಲೆ ಅಪ್ಪನ ಒಂದು ಸಹಿ. ಮುಂದಿನ ಸೋಮವಾರ ಸಂಜೆ ಐದರೊಳಗೆ ಅದು ಕಾಲೇಜು ಆಫೀಸು ಮುಟ್ಟದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ.

ಶಿವಯೋಗಿಯವರು ಮಣ್ಣು ಪರೀಕ್ಷಾ ಕೇಂದ್ರದ ಅಧಿಕಾರಿ. ಎಕರೆಗೆ ಹದಿನೈದು ಕಡೆ ಗುಂಡಿ ತೋಡಿ, ಮಣ್ಣು ಬೆರೆಸಿ, ಅರ್ಧ ಕೆಜಿ ಮಾದರಿ ತರದ ಹೊರತು ಮೂವತ್ತು ವರ್ಷದಲ್ಲಿ ಯಾವ ರೈತನಿಗೂ ಒಂದು ಹಿಡಿ ಯೂರಿಯಾ ಬರೆದುಕೊಟ್ಟವರಲ್ಲ.

"ಮಾದರಿ ನೋಡದೆ ಈ ಕೈ ಸಹಿ ಹಾಕಿದ್ದೂ ಇಲ್ಲ, ಹಾಕೋದೂ ಇಲ್ಲ," ಎಂದು ಅವರು ಘೋಷಿಸಿದರು. "ಹದಿನಾರು ವಾರಕ್ಕೆ ಏಳು ದಿನದ ಮಾದರಿ ಸಾಕು. ಭದ್ರಾವತಿಯ ನಮ್ಮಕ್ಕನ ಮನೆನೇ ಅಮೆರಿಕ."

"ನನ್ನನ್ನ ಯಾವ ಮಾದರಿ ನೋಡಿ ಒಪ್ಕೊಂಡ್ರಿ?" ಎಂದರು ಜಗದಾಂಬಾ.

"ನೋಡೋಕೆ ಬಂದಾಗ ನೀನು ಮಾಡಿದ ಉಪ್ಪಿಟ್ಟು ತಿಂದಿದ್ದೆ. ಎರಡು ಸಲ ಹಾಕಿಸ್ಕೊಂಡಿದ್ದೆ. ಒಂದೇ ರೀಡಿಂಗ್ ನಂಬಬಾರ್ದು."

ವಿಶ್ವವಿದ್ಯಾಲಯದ ಅರವತ್ತನಾಲ್ಕು ಪುಟದ ಕೈಪಿಡಿಯನ್ನು ಭಟ್ಟಿ ಇಳಿಸಿ ಅವರು ಹನ್ನೊಂದು ನಿಯಮ ಮಾಡಿದ್ದರು. ಅತ್ತೆಯ ಮನೆ ಹಾಸ್ಟೆಲ್, ಅತ್ತೆ ಅಪರಿಚಿತರು. ಒಳಗೆ ಬಿಡುವ ಮೊದಲು ವಲಸೆ ಅಧಿಕಾರಿಯಂತೆ ಪ್ರಶ್ನೆ ಕೇಳಬೇಕು. ನಾಲ್ಕನೆಯದು, ತನುಜಾ ತನ್ನ ಒಲೆಯಲ್ಲಿ ತಾನೇ ಬೇಯಿಸಿಕೊಳ್ಳಬೇಕು. ಏಳನೆಯದು, ಮನೆಯವರೊಂದಿಗೆ ಮಾತು ಬುಧವಾರ ಸಂಜೆ ಮಾತ್ರ, ಹದಿನೈದು ನಿಮಿಷ. ಒಂಬತ್ತನೆಯದು, ಕಷ್ಟ ಬಂದರೆ ಯಾರನ್ನೂ ಕರೆಯದೆ ತಾನೇ ಬಗೆಹರಿಸಬೇಕು.

ತನುಜಾ ಪೂರ್ತಿ ಓದಿ, "ಆಯ್ತಪ್ಪ. ನಿಯಮ ಎಲ್ರಿಗೂ ತಾನೆ?" ಎಂದಳು.

"ಎಲ್ರಿಗೂ."

ಫೋನಿನಲ್ಲಿ ಅಕ್ಕ ಕಲ್ಲಮ್ಮನನ್ನು ಒಪ್ಪಿಸುವುದು ಅಷ್ಟು ಸುಲಭವಾಗಿರಲಿಲ್ಲ. ಆಕೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದವರು.

"ದಿನಕ್ಕೆ ನಾನೂರು ಜನಕ್ಕೆ ಊಟ ಹಾಕಿದ ಕೈ ಕಣೋ ಇದು. ತಮ್ಮನ ಮಗಳು ಒಬ್ಳಿಗೆ ಹಾಕ್ಬಾರ್ದಾ?"

"ಅಮೆರಿಕದಲ್ಲಿ ಯಾರೂ ಹಾಕಲ್ಲ ಅಕ್ಕ."

"ಹಾಗಾದ್ರೆ ಅಲ್ಲಿಗೆ ಯಾಕೆ ಕಳಿಸ್ತೀಯ ಮಾರಾಯ?"

ಆದರೂ ಒಪ್ಪಿದರು. ಒಪ್ಪಿದ ಮೇಲೆ ಅರ್ಧಂಬರ್ಧ ಮಾಡುವ ಜಾಯಮಾನ ಅವರದಲ್ಲ. ಒಂಬತ್ತೂವರೆಗೆ ತನುಜಾ ಸೂಟ್‌ಕೇಸ್ ಎಳೆದುಕೊಂಡು ಗೇಟಿನ ಮುಂದೆ ನಿಂತಾಗ, ಕಲ್ಲಮ್ಮ ಕನ್ನಡಕ ಏರಿಸಿ, ತಮ್ಮ ಕಳಿಸಿದ ಪ್ರಶ್ನೆಗಳನ್ನು ಕ್ಯಾಂಟೀನಿನ ಗದ್ದಲ ಮೀರಿಸಿ ಅಭ್ಯಾಸವಾದ ದನಿಯಲ್ಲಿ ಓದಿದರು.

"ಯಾಕೆ ಬಂದೆ?"

"ಓದೋಕೆ."

"ಎಷ್ಟು ದಿನ ಇರ್ತೀಯ?"

"ಏಳು."

"ಇಲ್ಲೇ ಠಿಕಾಣಿ ಹೂಡೋ ಯೋಚನೆ ಇದ್ಯಾ?"

"ಇಲ್ಲ."

"ವಾಪಸ್ ಹೋಗ್ತೀಯ ಅನ್ನೋಕೆ ಏನು ಗ್ಯಾರಂಟಿ?"

ಪಕ್ಕದ ಮನೆಯ ಪುಟ್ಟಲಕ್ಷ್ಮಿ ಕಾಂಪೌಂಡಿನ ಆಚೆ ಬಟ್ಟೆ ಒಣಗಿಸುತ್ತಿದ್ದಳು. ಕೈಯಲ್ಲಿದ್ದ ಕ್ಲಿಪ್ಪು ಕೈಯಲ್ಲೇ ಉಳಿಯಿತು. ತವರಿನಿಂದ ಬಂದ ಹುಡುಗಿಯನ್ನು ಗೇಟಿನಲ್ಲೇ ತಡೆದು ಯಾಕೆ ಬಂದೆ, ಯಾವಾಗ ಹೋಗ್ತೀಯ ಎಂದು ಕೇಳುವ ಮನೆಯನ್ನು ಆಕೆ ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಸೋಮವಾರ ಆ ಮನೆಯಲ್ಲಿ ಎರಡು ಕುಕ್ಕರುಗಳು ಬೇರೆ ಬೇರೆ ಕೂಗಿದವು. ಪುಟ್ಟಲಕ್ಷ್ಮಿ ಇಣುಕಿ ನೋಡಿದಳು. ಅತ್ತೆ ಒಳಗಿನ ಒಲೆಯಲ್ಲಿ, ಸೊಸೆ ಹಿತ್ತಿಲ ಜಗಲಿಯ ಒಲೆಯಲ್ಲಿ. ತಟ್ಟೆ ಬೇರೆ, ಉಪ್ಪಿನ ಡಬ್ಬಿಯೂ ಬೇರೆ. ಒಂದೇ ಸೂರಿನಡಿ ಒಲೆ ಎರಡಾಯಿತೆಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ಪಾಲು. ಮಂಗಳವಾರ ಹಿಟ್ಟಿನ ಗಿರಣಿಯಲ್ಲಿ ಸುದ್ದಿ ನುಣ್ಣಗಾಯಿತು. ತವರೂರು ಹೊಳಲೂರಿನ ಜಮೀನಿನ ವಿಷಯಕ್ಕೆ ಅಕ್ಕ ತಮ್ಮನಿಗೆ ಜಗಳವಂತೆ. ತಮ್ಮ ಮಗಳನ್ನು ಕಳಿಸಿ ಅಕ್ಕನ ಒಂದು ಕೋಣೆ ಹಿಡಿಸಿದ್ದಾನಂತೆ. ಬುಧವಾರ ಅದು ಬಸ್ಸು ಹತ್ತಿ ಹೊಳಲೂರು ಸೇರಿತು.

ಹೊಳಲೂರಿನಲ್ಲಿ ಉಜ್ಜನಪ್ಪನವರಿದ್ದರು. ಶಿವಯೋಗಿಯವರ ದೊಡ್ಡಪ್ಪ, ವಯಸ್ಸು ಎಂಬತ್ತೆರಡು. ಆ ವಂಶದಲ್ಲಿ ಇದುವರೆಗೆ ಆದ ಎಲ್ಲ ಪಾಲುಗಳನ್ನೂ ಮಾತಿನಲ್ಲೇ ಮುಗಿಸಿ, ಯಾರನ್ನೂ ಕೋರ್ಟಿನ ಮೆಟ್ಟಿಲು ಹತ್ತಲು ಬಿಡದವರು.

ಗುರುವಾರ ಹನ್ನೊಂದು ಇಪ್ಪತ್ತಕ್ಕೆ ಪ್ರಯೋಗಾಲಯದಲ್ಲಿ ಫೋನು ಬಂತು.

"ಶಿವೂ, ಕಲ್ಲಮ್ಮನ ಮನೇಲಿದ್ದೀನಿ. ಪಹಣಿ ತಂದಿದ್ದೀನಿ. ನೀನು ಬಂದು ಕೂತು ನ್ಯಾಯ ಮುಗಿಯೋವರೆಗೆ ಈ ಮನೆ ನೀರೂ ಮುಟ್ಟಲ್ಲ."

ಫೋನು ಕಟ್ಟಾಯಿತು. ಶಿವಯೋಗಿಯವರಿಗೆ ನ್ಯಾಯ, ಪಹಣಿ ಯಾವುದೂ ಅರ್ಥವಾಗಲಿಲ್ಲ. ಎಂಬತ್ತೆರಡು ವರ್ಷದ ಜೀವ ನೀರಿಲ್ಲದೆ ಕೂತಿದೆ ಎಂಬುದು ಅರ್ಥವಾಯಿತು. ಅದರ ಎದುರಿಗೆ ಮಗಳು ಒಬ್ಬಳೇ ಇದ್ದಾಳೆ. ಕಷ್ಟ ಬಂದರೆ ಯಾರನ್ನೂ ಕರೆಯಬೇಡ ಎಂದು ತಾವೇ ಬರೆದುಕೊಟ್ಟಿದ್ದಾರೆ. ಬಿಳಿ ಕೋಟು ಬಿಚ್ಚುವುದನ್ನೂ ಮರೆತು ಬಸ್ಸು ಹತ್ತಿದರು. "ಡಾಕ್ಟ್ರೇ, ಕೂತ್ಕೊಳ್ಳಿ, ಯಾರಿಗೆ ಸೀರಿಯಸ್ಸು?" ಎಂದು ಕಂಡಕ್ಟರ್ ಮುಂದಿನ ಸೀಟು ಬಿಡಿಸಿಕೊಟ್ಟ. "ನನಗೇ" ಎಂದರು ಶಿವಯೋಗಿ.

ಹನ್ನೆರಡೂವರೆಗೆ ಅಕ್ಕನ ಮನೆಯ ಹಿತ್ತಿಲಿಗೆ ನುಗ್ಗಿದಾಗ ಉಜ್ಜನಪ್ಪನವರು ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ತನುಜಾ ಎರಡನೇ ಸಲ ಬಡಿಸುತ್ತಿದ್ದಳು. ಕಲ್ಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಅದು ನಗು.

"ನೀರು ಮುಟ್ಟಲ್ಲ ಅಂದ್ರಲ್ಲ ದೊಡ್ಡಪ್ಪ?"

"ಆ ಮನೆದು ಮುಟ್ಟಲ್ಲ ಅಂದಿದ್ದೆ," ಉಜ್ಜನಪ್ಪ ಒಳಗಿನ ಅಡುಗೆಮನೆಯತ್ತ ಬೆರಳು ತೋರಿಸಿದರು. "ಇದು ಅಮೆರಿಕದ್ದಂತೆ."

ಕಲ್ಲಮ್ಮ ವಿವರಿಸಿದರು. "ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಕಣೋ. ಇವಳು ಬಂದು ಎದುರಿಗೆ ಕೂತು ಹನ್ನೊಂದು ನಿಯಮನೂ ಓದಿ ಹೇಳಿದ್ಲು. ಆಮೇಲೆ, ಅಜ್ಜ, ನಾಲ್ಕನೇ ನಿಯಮದ ಪ್ರಕಾರ ನನ್ನ ಒಲೆ ಅತ್ತೆ ಮನೆದಲ್ಲ, ನೀವಿಲ್ಲಿ ಉಂಡ್ರೆ ಮಾತು ತಪ್ಪಿದ ಹಾಗಾಗಲ್ಲ ಅಂದ್ಲು. ಅವರು ಪಹಣಿ ಮಡಚಿ ಚೀಲಕ್ಕೆ ಹಾಕಿದ್ರು."

"ಉಪ್ಪು ಒಂದು ಚೂರು ಮುಂದು," ಎಂದರು ಉಜ್ಜನಪ್ಪ. "ನ್ಯಾಯ ಹದವಾಗಿದೆ."

ಶಿವಯೋಗಿಯವರು ಜಗಲಿಯ ಅಂಚಿನಲ್ಲಿ ಕುಸಿದು ಕೂತರು. ತನುಜಾ ಅವರಿಗೆ ನೀರು ಕೊಟ್ಟು, ಒಂದು ನೋಟ್‌ಬುಕ್ಕನ್ನೂ ಕೊಟ್ಟಳು. ನಾಲ್ಕು ದಿನದ ದಾಖಲೆ. ಎದ್ದ ಹೊತ್ತು, ಓದಿದ ಹೊತ್ತು, ಸೀದು ಹೋದ ಅನ್ನ ಒಂದು ಸಲ. ಕೊನೆಯ ಪುಟದಲ್ಲಿ ನಿಯಮ ಮುರಿದವರ ಪಟ್ಟಿ. ಅತ್ತೆ, ನಾನು ತಿರುಗಿದಾಗ ನನ್ನ ಸಾರಿಗೆ ತುಪ್ಪ ಹಾಕಿದ್ದು: ಮೂರು. ಅಮ್ಮ, ಮಂಗಳವಾರ ಭದ್ರಾವತಿ ಬಸ್‌ಸ್ಟ್ಯಾಂಡಿಗೆ ಬಂದು ಚಟ್ನಿಪುಡಿ ಕೊಟ್ಟಿದ್ದು: ಒಂದು. ಅಪ್ಪ, ಎದ್ದಳಾ, ಉಂಡಳಾ ಎಂದು ಅತ್ತೆಗೆ ಫೋನ್ ಮಾಡಿದ್ದು: ಹದಿನಾಲ್ಕು.

"ನಾನು ನಿನಗೆ ಮಾಡ್ಲಿಲ್ಲವಲ್ಲ," ಎಂದರು ಶಿವಯೋಗಿ, ಅಷ್ಟೇನೂ ಗಟ್ಟಿಯಾಗಿ ಅಲ್ಲ.

"ಗೊಬ್ಬರದ ಗುಂಡಿ ಪಕ್ಕ ತೆಗೆದ ಮಣ್ಣು ಲೆಕ್ಕಕ್ಕಿಲ್ಲ ಅಂತ ನೀವೇ ಹೇಳ್ತೀರಲ್ಲ ಅಪ್ಪ. ಇದೂ ಹಾಗೇ ಆಗಿದೆ. ಎಲ್ರೂ ಸುತ್ತ ಇದ್ರಿ. ಒಬ್ಳೇ ಆದ್ರೆ ನಾನು ಹೇಗಿರ್ತೀನಿ ಅಂತ ಇದ್ರಿಂದ ಹೇಳೋಕಾಗಲ್ಲ. ಮಾದರಿ ಕೆಟ್ಟಿದೆ. ನಿಮ್ಮ ಪ್ರಕಾರ ಸಹಿ ಹಾಕೋ ಹಾಗಿಲ್ಲ."

ದನಿ ಸಮವಾಗಿಯೇ ಇತ್ತು. ಹೆಬ್ಬೆರಳು ಮಾತ್ರ ಚಿತ್ರಾನ್ನದ ಸೌಟಿನ ಹಿಡಿಯನ್ನು ಬೆಳ್ಳಗಾಗುವಷ್ಟು ಒತ್ತಿಹಿಡಿದಿತ್ತು. ಶಿವಯೋಗಿಯವರು ಅದನ್ನು ನೋಡಿದರು. ಮತ್ತೆ ಪಟ್ಟಿ ನೋಡಿದರು. ಮೂವತ್ತು ವರ್ಷದಲ್ಲಿ ಸಾವಿರಾರು ರೈತರು ಅವರ ಮೇಜಿಗೆ ಮಣ್ಣು ತಂದಿದ್ದರು. ತನ್ನ ಮಾದರಿಯ ತಪ್ಪನ್ನು ತಾನೇ ಬರೆದು, ತನಗೆ ನಷ್ಟವಾಗುತ್ತದೆ ಎಂದು ಗೊತ್ತಿದ್ದೂ ಎದುರಿಗಿಟ್ಟವರು ಒಬ್ಬರೂ ಇರಲಿಲ್ಲ. ಅಮೆರಿಕದವರು ಇವಳಿಗೆ ಏನು ಕಲಿಸುತ್ತಾರೋ, ಇವಳಿಂದ ಅವರು ಕಲಿಯುವುದು ಸ್ವಲ್ಪ ಇದೆ ಎನ್ನಿಸಿತು.

"ಆ ಪತ್ರ ತಾ," ಎಂದರು.

"ಅಪ್ಪ, ಇನ್ನೂ ಮೂರು ದಿನ ಇದೆ."

"ತಾ ಅಂದ್ನಲ್ಲ."

ಅವಳು ಸೂಟ್‌ಕೇಸಿನಿಂದ ಫೈಲು ತಂದಳು. ಮಾದರಿ ಕೆಟ್ಟಿದೆ ಎಂದು ಗೊತ್ತಿದ್ದೂ ಶಿವಯೋಗಿಯವರು ಜೀವನದಲ್ಲಿ ಮೊದಲ ಬಾರಿಗೆ ಸಹಿ ಹಾಕಿದರು. ಹಾಕಿ, ದಿನಾಂಕದ ಪಕ್ಕ ಹೊತ್ತನ್ನೂ ಬರೆದರು. ಕೈ ಹಗುರಾಯಿತು. ಹಗುರಾದೊಡನೆ ನಾಲಿಗೆಗೆ ಹುರುಪು ಬಂತು.

"ನೋಡಿ ದೊಡ್ಡಪ್ಪ," ಎಂದು ಎದೆ ಸೆಟೆಸಿದರು, "ಇಲ್ಲಿಗೆ ಬಂದು ತೊಂಬತ್ತೊಂಬತ್ತು ಗಂಟೆ ಆಯ್ತು. ಒಂದು ಹನಿ ಕಣ್ಣೀರಿಲ್ಲ, ವಾಪಸ್ ಬರ್ತೀನಿ ಅನ್ನೋ ಮಾತಿಲ್ಲ. ಇದೆಲ್ಲ ರಕ್ತದಲ್ಲೇ ಬರ್ಬೇಕು. ಥೇಟ್ ನನ್ನ ಹಾಗೆ."

ಕಲ್ಲಮ್ಮ ಕೆಮ್ಮಿದರು. ಉಜ್ಜನಪ್ಪನವರು ತಟ್ಟೆಯ ಕೊನೆಯ ಶೇಂಗಾ ಹೆಕ್ಕಿ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, ತನುಜಾಳ ಕಡೆ ತಿರುಗಿದರು.

"ನಿಮ್ಮಪ್ಪನ್ನ ಬೆಂಗಳೂರಿಗೆ ಬಿಎಸ್ಸಿ ಓದೋಕೆ ಕಳಿಸಿದ್ವಿ ಮಗಾ. ನಾನೇ ಹೋಗಿ ಹಾಸ್ಟೆಲ್ಲಿಗೆ ಬಿಟ್ಟು ಬಂದಿದ್ದೆ. ನಾನು ದಾರೀಲಿ ಒಂದಿನ ನೆಂಟರ ಮನೇಲಿ ಉಳಿದು, ಊರಿಗೆ ಬಂದು ಸ್ನಾನ ಮಾಡಿ, ಒಂದು ನಿದ್ದೆ ತೆಗೆದು ಹೊರಗೆ ಬಂದ್ರೆ, ಇವನು ಟ್ರಂಕು ಸಮೇತ ಕಟ್ಟೆ ಮುಂದೆ ನಿಂತಿದ್ದಾನೆ. ಮರುದಿನ ನಾನೇ ಮತ್ತೆ ಕರ್ಕೊಂಡು ಹೋಗಿ ಬಿಟ್ಟೆ, ಅದು ಬೇರೆ. ಅವತ್ತು ಎಷ್ಟು ದಿನ ಇದ್ಯೋ ಅಂತ ಕೇಳಿದೆ. ಲೆಕ್ಕದಲ್ಲಿ ಆಗ್ಲೂ ಪಕ್ಕಾ ನಿಮ್ಮಪ್ಪ. ಕಟ್ಟೆ ಮೇಲಿದ್ದೋರೆಲ್ಲ ಕೇಳೋ ಹಾಗೆ ಹೇಳ್ದ: ಮೂವತ್ತೊಂಬತ್ತು ಗಂಟೆ."