ಹೆಸರು ಹಿಡಿದು ಕರೆಯುವ ತರಬೇತಿ

ಕಲಿತದ್ದನ್ನು ಗೊಂಬೆಯ ಮೇಲೆ ಮಾಡಿ ತೋರಿಸುವುದು ಸುಲಭ. ಗೊಂಬೆ ಉಗುಳುವುದಿಲ್ಲ, ಸಿಡುಕುವುದಿಲ್ಲ, ಮುಖ್ಯವಾಗಿ ಅದು ನಮ್ಮ ಗಂಡನಲ್ಲ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಈ ಮುದಿ ವಯಸ್ಸಿನಲ್ಲಿ ಚಪ್ಪಾಳೆ ಸಿಕ್ಕಿದ್ದು ಅಂಥದೊಂದು ಗೊಂಬೆಯಿಂದ.

ವೆಸ್ಟ್ ಮಾಂಬಲಂನ ನಮ್ಮ ಬೀದಿಯ ಕಲ್ಯಾಣಮಂಟಪದಲ್ಲಿ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಹೇಗೆಂದು ಹೇಳಿಕೊಟ್ಟರು. ನಮ್ಮವರಿಗೆ ಪಾರ್ಶ್ವವಾಯು ಬಡಿದು ಮಲಗಿದ್ದರಿಂದ ಸೊಸೆ ನನ್ನನ್ನು ಕಳಿಸಿದಳು. ಅವಳ ಆಫೀಸು ಊರಿನ ಇನ್ನೊಂದು ತುದಿಯ ಶೋಳಿಂಗನಲ್ಲೂರಿನಲ್ಲಿ. ಬೆಳಿಗ್ಗೆ ಕ್ಯಾಬು ಹಾರ್ನ್ ಹೊಡೆದರೆ ಸಾಯುತ್ತಿರುವವರೂ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ತರಬೇತಿಯ ಪ್ರಕಾರ, ಊಟ ಮಾಡಿಸುವ ಮುಂಚೆ ರೋಗಿಯನ್ನು ಎತ್ತಿ ಕೂರಿಸಿ, ಹೆಸರು ಹಿಡಿದು ಗಟ್ಟಿಯಾಗಿ ಕರೆಯಬೇಕಂತೆ. ಕಣ್ಣು ಬಿಟ್ಟ ಮೇಲೆಯೇ ಬಾಯಿಗೆ ಚಮಚ. ಅರೆನಿದ್ದೆಯಲ್ಲಿ ಕೊಟ್ಟ ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತದೆ. ನಮ್ಮವರಿಗೆ ಒಮ್ಮೆ ಇಳಿದಿತ್ತು. ಇನ್ನೊಮ್ಮೆ ಇಳಿದರೆ ಉಳಿಸುವುದು ಕಷ್ಟ ಎಂದು ಡಾಕ್ಟರು ನನ್ನ ಮಗನ ಮುಖ ನೋಡಿ ಹೇಳಿದ್ದರು. ಪಕ್ಕದಲ್ಲಿದ್ದ ನನಗೆ ಕಿವಿಯಿಲ್ಲ ಎಂದುಕೊಂಡರೇನೋ.

ಮಂಟಪದಲ್ಲಿ ಗೊಂಬೆಯನ್ನು, ಅದಕ್ಕೆ ಅವರಿಟ್ಟ ಹೆಸರು ಹಿಡಿದು, "ಮುರುಗೇಸಾ!" ಎಂದು ಸೂರು ಹಾರುವಂತೆ ಕೂಗಿದೆ. ಅದಕ್ಕೇ ಚಪ್ಪಾಳೆ. ಮನೆಗೆ ಬಂದು ನಮ್ಮವರನ್ನು ಕೂರಿಸಿ "ರೀ" ಎಂದೆ. ಕಣ್ಣು ಬಿಡಲಿಲ್ಲ. ಅದು ರೋಗದ ತಪ್ಪಲ್ಲ. ಮದುವೆಯಾದಾಗಿನಿಂದ ನನ್ನ 'ರೀ'ಗೆ ಕಿವಿಗೊಡದಿರುವುದು ಅವರ ಅಭ್ಯಾಸ. ಆಗ ಪೇಪರಿನ ಹಿಂದೆ ಕೂತು ಕೇಳಿಸಿಕೊಳ್ಳುತ್ತಿರಲಿಲ್ಲ, ಈಗ ಹಾಸಿಗೆಯಲ್ಲಿ, ಅಷ್ಟೇ ವ್ಯತ್ಯಾಸ.

ಹೆಸರು ಹೇಳೋಣವೆಂದರೆ ನಾಲಗೆ ಏಳಲಿಲ್ಲ. ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒಡಪಿನಲ್ಲಿ ಹೇಳಿಸಿದ್ದೇ ಕೊನೆ. ರೇಷನ್ ಕಾರ್ಡಿನವನು ಕೇಳಿದಾಗಲೂ ಪಕ್ಕದವರ ಕಡೆ ಕೈ ತೋರಿಸಿದವಳು ನಾನು. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಮ್ಮತ್ತೆ ಕಲಿಸಿದ್ದರು. ಅದೂ ಒಂದು ತರಬೇತಿಯೇ. ಚಪ್ಪಾಳೆ ಇರಲಿಲ್ಲ, ಆದರೆ ಕಲಿತದ್ದನ್ನು ನಡೆಸುತ್ತಿದ್ದೇನೆಯೋ ಇಲ್ಲವೋ ಎಂದು ಅವರು ಸಾಯುವ ತನಕ ಕಾವಲಿದ್ದರು. ನನ್ನ ಸೊಸೆ ನನ್ನ ಮಗನನ್ನು, ನಾವು 'ಲೋ' ಅನ್ನುವ ಹಾಗೆ, "ಡೇಯ್" ಅನ್ನುತ್ತಾಳೆ. ಅವನ ಆಯುಸ್ಸಿಗೇನೂ ಆಗಿಲ್ಲ, ಹೊಟ್ಟೆ ಬೇರೆ ಬಂದಿದೆ.

ಬೆಳಿಗ್ಗೆ, ರಾತ್ರಿ ಮಗ "ಅಪ್ಪಾ" ಎಂದರೆ ಇವರು ಕಣ್ಣು ಬಿಡುತ್ತಿದ್ದರು. ಮಧ್ಯಾಹ್ನ ನಾನೊಬ್ಬಳೇ. ಗಂಜಿ ಆರಿ ಕೆನೆಗಟ್ಟುತ್ತಿತ್ತು, ಅವರು ಸೊರಗುತ್ತಿದ್ದರು.

ಹೀಗಿರುವಾಗ, ಕಲಿತವರು ಮನೆಯಲ್ಲಿ ಹೇಗೆ ಮಾಡುತ್ತಿದ್ದಾರೆಂದು ನೋಡಲು ತರಬೇತಿ ಕೊಟ್ಟ ನರ್ಸ್ ಸೆಲ್ವಿ ಬಂದಳು. ಕೂರಿಸಿದೆ, ಬೆನ್ನಿಗೆ ದಿಂಬು ಕೊಟ್ಟೆ, "ರೀ" ಎಂದೆ.

"ತಾತಾ ಪೇರ್ ಎನ್ನ, ಪಾಟಿ?" ಎಂದು ತಮಿಳಿನಲ್ಲಿ ಇವರ ಹೆಸರು ಕೇಳಿದಳು. ನಾನು ಕ್ಯಾಲೆಂಡರಿನಲ್ಲಿ ಕೊಳಲು ಹಿಡಿದು ನಿಂತಿದ್ದ ದೇವರನ್ನು ತೋರಿಸಿದೆ.

"ಸಾಮಿ ವಂದು ಊಟ್ಟುವಾರಾ?" ಸ್ವಾಮಿ ಬಂದು ಉಣಿಸುತ್ತಾನಾ ಎಂದು ಗದರಿದಳು.

ಹೆಸರು ಹೇಳಿದರೆ ಆಯುಸ್ಸು ಕಡಿಮೆಯಾಗುತ್ತಮ್ಮಾ ಎಂದೆ. ಅವಳು ಅವರ ಅಂಗಿ ಸರಿಸಿ ಪಕ್ಕೆಲುಬು ತೋರಿಸಿದಳು. "ಇನ್ನುಮ್ ಕೊರೆಯಣುಮಾ?" ಇನ್ನೂ ಕಡಿಮೆಯಾಗಬೇಕಾ?

ಸತ್ತ ಅತ್ತೆಯನ್ನು ಮನಸ್ಸಿನಲ್ಲೇ ಬೈದುಕೊಂಡು, ಕಣ್ಣು ಮುಚ್ಚಿ ಕೂಗಿದೆ: "ಕೃಷ್ಣಮೂರ್ತೀ!"

ಅವರು ಕಣ್ಣು ಬಿಟ್ಟರು. ನನ್ನನ್ನು ನೋಡಲಿಲ್ಲ. ಕತ್ತು ಹೊರಳಿಸಿ ಬಾಗಿಲ ಕಡೆ ನೋಡಿದರು. ಹಾಗೆ ಹೆಸರು ಹಿಡಿದು ಕರೆಯುತ್ತಿದ್ದ, ರೈಲ್ವೆಯಲ್ಲಿ ಜೊತೆಗೆ ಕೆಲಸ ಮಾಡಿದ ಹಳೇ ಸ್ನೇಹಿತರು ಯಾರೋ ಬಂದರೆಂದುಕೊಂಡಿರಬೇಕು. ಕಾಯಿಲೆ ಬಿದ್ದಂದಿನಿಂದ ಕಾಣದ ಸಂತೋಷ ಆ ಮುಖದಲ್ಲಿತ್ತು. ಅದೇ ಹೊತ್ತಿಗೆ ಬಾಯಿಗೆ ಚಮಚ ಇಟ್ಟೆ. ನುಂಗಿದರು.

ಈಗ ದಿನಾ ಮಧ್ಯಾಹ್ನ ಹಾಗೇ ಕರೆಯುತ್ತೇನೆ. ಅವರು ಬಾಗಿಲು ನೋಡುತ್ತಾ ಗಂಜಿ ಕುಡಿಯುತ್ತಾರೆ. ಬಂದವರು ಯಾರೂ ಇಲ್ಲ, ಕೂಗಿದ್ದು ನಾನೇ ಎಂದು ಹೇಳಿಬಿಡಬಹುದು. ಹೇಳಿಲ್ಲ. ಗೊತ್ತಾದರೆ ಇದಕ್ಕೂ ಕಿವಿಗೊಡುವುದನ್ನು ನಿಲ್ಲಿಸಿಬಿಡುತ್ತಾರೆ.